ವಿರಾಜಪೇಟೆಗೆ ಮೂರು ಸಲ

ಸಿದ್ದಾಪುರದ ಹತ್ತಿರದ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಟೀಚರ್. ಏಳನೇ ಕ್ಲಾಸಿಗೆ ‘ವೈಲ್ಡ್ ಗೂಸ್ ಚೇಸ್’ ಎಂಬ ನುಡಿಗಟ್ಟನ್ನು ಹೇಳಿಕೊಡುವ ದಿನ ಬಂತೆಂದರೆ ಈಗೀಗ ರಜೆ ಹಾಕಿಬಿಡೋಣ ಎನಿಸುತ್ತದೆ. ಯಾರನ್ನೂ ದೂರುವಂತಿಲ್ಲ, ಮಾಡಿಕೊಂಡವಳು ನಾನೇ.

ಹೋದ ವರ್ಷ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಗಿದ್ದಾಗ, ಎಸ್ಟೇಟ್ ಕೂಲಿಗಳ ಲೈನ್ ಮನೆಗಳಿಂದ ಒಬ್ಬ ತಾಯಿ ಬಂದರು. ಮಗಳು ನನ್ನ ಕ್ಲಾಸಿನವಳು. ಅವಳನ್ನು ವಸತಿ ಶಾಲೆಗೆ ಸೇರಿಸಲು ವ್ಯಾಸಂಗ ಪ್ರಮಾಣ ಪತ್ರ ಬೇಕಿತ್ತು. ಅದನ್ನು ಬರೆದು, ಸಹಿಗೆಂದು ವಿರಾಜಪೇಟೆಯ ಶಿಕ್ಷಣಾಧಿಕಾರಿ ಕಚೇರಿಗೆ ಕಳಿಸುವ ಕೆಲಸ ನನ್ನದು.

“ಅಯ್ಯೋ, ಅದು ಕಳಿಸಿ ಎಷ್ಟೋ ದಿನ ಆಯ್ತಲ್ಲಮ್ಮ. ಅಲ್ಲೇ ಹೋಗಿ ಕೇಳಿ,” ಎಂದೆ. ಪಕ್ಕದಲ್ಲೇ ಇದ್ದ ಬೀರುವನ್ನು ಒಂದು ಸಲ ತೆಗೆದು ನೋಡಬಹುದಿತ್ತು. ನೋಡಲಿಲ್ಲ.

ಅವರು ಬಸ್ಸು ಹತ್ತಿ ಹೋಗಿ ಬಂದರು. ಪತ್ರ ಬಂದೇ ಇಲ್ಲ ಎಂದು ಕಚೇರಿಯವರು ಅಂದರಂತೆ. ಮತ್ತೆ ಎರಡು ಸಲ ಕಳಿಸಿದೆ. ಮೂರನೇ ಸಲವೂ ಬರಿಗೈಯಲ್ಲಿ ವಾಪಸು ಬಂದಾಗ ನನಗೆ ರೇಗಿಹೋಯಿತು. “ನಿಮಗೆ ಸರಿಯಾಗಿ ಕೇಳೋಕೂ ಬರಲ್ವಾ?” ಎಂದು ಎಲ್ಲರೆದುರು ಗದರಿದೆ. ಅವರು ತಲೆ ತಗ್ಗಿಸಿ ನಿಂತರು.

ಪಿಕ್ಕಿಂಗಿನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಗಿಡಗಳ ಒಂದು ಸಾಲು ಹಿಡಿಯುತ್ತಾರೆ. ಇವರು ಮೂರು ದಿನ ತಪ್ಪಿಸಿದ್ದಕ್ಕೆ ಮೇಸ್ತ್ರಿ ಆ ಜಾಗಕ್ಕೆ ಬೇರೆಯವರನ್ನು ಹಾಕಿದ. ಇವರಿಗೆ ಗಿಡದ ಬುಡದಲ್ಲಿ ಉದುರಿದ ಬೀಜ ಹೆಕ್ಕುವ ಕೆಲಸ. ದಿನವಿಡೀ ಬಗ್ಗಿಯೇ ಇರಬೇಕು. ಅದನ್ನು ಮುದುಕಿಯರಿಗೆ ಕೊಡುವುದು ವಾಡಿಕೆ.

ಅದೇ ವಾರ ಈ ನುಡಿಗಟ್ಟಿನ ಪಾಠ. ಕೈಗೆ ಸಿಗದ್ದರ ಹಿಂದೆ ಸುಮ್ಮನೆ ಅಲೆಯುವುದು ಎಂದು ಬಿಡಿಸಿ ಹೇಳಿ, ಉದಾಹರಣೆ ಕೇಳಿದೆ.

“ತೋಟದಿಂದ ಆನೆ ಓಡಿಸೋದು ಟೀಚರ್! ಬೆಳಗಾದ್ರೆ ಅಲ್ಲೇ ಇರ್ತದೆ!” ಎಂದ ಒಬ್ಬ. ಕ್ಲಾಸೆಲ್ಲ ನಕ್ಕಿತು.

ಆ ತಾಯಿಯ ಮಗಳು ಮಾತ್ರ ನಗಲಿಲ್ಲ. ಪುಸ್ತಕ ತಂದು ತೋರಿಸಿದಳು. ಅಮ್ಮ ಮೂರು ಸಲ ವಿರಾಜಪೇಟೆಗೆ ಹೋದದ್ದು ವೈಲ್ಡ್ ಗೂಸ್ ಚೇಸ್ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆದಿದ್ದಳು. ಕೆಂಪು ಪೆನ್ನಿನಿಂದ ‘ಗುಡ್’ ಎಂದು ಬರೆದು, ಆ ‘ಮೂರು ಸಲ’ವನ್ನು ಇನ್ನೊಮ್ಮೆ ಓದಿದೆ.

ಸಂಜೆ ಬೀರು ತೆಗೆದೆ. ಹಳೆಯ ಹಾಜರಿ ಪುಸ್ತಕದೊಳಗೆ ಪತ್ರ ತಣ್ಣಗೆ ಕುಳಿತಿತ್ತು. ಶಾಲೆಯ ಗೇಟನ್ನೇ ದಾಟಿರಲಿಲ್ಲ! ವಸತಿ ಶಾಲೆಯ ಅರ್ಜಿಗೆ ಉಳಿದಿದ್ದು ಎರಡೇ ದಿನ. ಮರುದಿನ ರಜೆ ಹಾಕಿ ನಾನೇ ಹೋದೆ. ಹತ್ತು ನಿಮಿಷದಲ್ಲಿ ಸಹಿಯಾಯಿತು.

ಪತ್ರ ಕೈಗಿಟ್ಟಾಗ ಆ ತಾಯಿಯ ಕಣ್ಣು ತುಂಬಿತು. “ನಂಗೋಸ್ಕರ ನೀವೇ ಹೋಗಿ ಹುಡುಕ್ಸಿ ತಂದ್ರಾ ಟೀಚರೇ? ನಿಮ್ಮ ಉಪಕಾರ ಮರೆಯಲ್ಲ,” ಎಂದು ಕೈ ಮುಗಿದರು. ನಿಜ ಹೇಳಲೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು ಬರೀ “ಹ್ಞೂಂ”. ಥೂ, ಎಂಥ ಹೇಡಿ ನಾನು!

ಮರುದಿನ ಹುಡುಗಿ ಅದೇ ಪುಸ್ತಕ ಹಿಡಿದು ಬಂದಳು.

“ಟೀಚರ್, ಪತ್ರ ವಿರಾಜಪೇಟೇಲೇ ಸಿಕ್ತಂತಲ್ಲ. ಅಮ್ಮ ಹೋಗಿದ್ದು ಸುಮ್ಮನೆ ಅಲ್ಲ ಅಲ್ವಾ? ಹಾಗಾದ್ರೆ ನಾನು ಬರೆದಿದ್ದು ತಪ್ಪು.”

“ಹೌದು, ತಪ್ಪು,” ಎಂದೆ. ಅವಳು ಪುಸ್ತಕ ಮುಂದೆ ಹಿಡಿದೇ ನಿಂತಿದ್ದಳು. ಅವಳ ವಾಕ್ಯದ ಮೇಲೂ ನನ್ನ ‘ಗುಡ್’ ಮೇಲೂ ಕೆಂಪು ಗೀಟು ಎಳೆದೆ.

ಅದನ್ನು ಅಮ್ಮನಿಗೆ ತೋರಿಸುತ್ತೇನೆಂದು ಅವಳು ಸಂಜೆ ಖುಷಿಯಿಂದ ತೋಟದ ಕಡೆ ಓಡಿದಳು. ಅಮ್ಮ ಅಲ್ಲಿ ಗಿಡದ ಬುಡದಲ್ಲಿ ಬಗ್ಗಿ ಉದುರಿದ ಬೀಜ ಹೆಕ್ಕುತ್ತಿದ್ದರು.