ರಾಹುಕಾಲದ ಅರ್ಜಿ

ಆಗ ನಾನು ಮದರಾಸಿನಲ್ಲಿ ವಿದೇಶಿಯರ ವಾಸದ ಪರವಾನಗಿ ನೋಡುವ ಕಚೇರಿಯಲ್ಲಿ ಗುಮಾಸ್ತ. ಒಂದು ಶುಕ್ರವಾರ ಹನ್ನೊಂದು ಗಂಟೆಗೆ ಸುಡಾನಿನ ವಿದ್ಯಾರ್ಥಿಯೊಬ್ಬ ಅರ್ಜಿ ಹಿಡಿದು ಬಂದ.

“ಪರವಾನಗಿ ಇವತ್ತಿಗೆ ಮುಗಿಯುತ್ತೆ ಸರ್. ಮುಂದಿನ ತಿಂಗಳು ಕೊನೇ ವರ್ಷದ ಪರೀಕ್ಷೆ.”

ರಾಹುಕಾಲ ನಡೆಯುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದೆ, ಅವನ ಒಳ್ಳೆಯದಕ್ಕೇ, “ಈಗ ಟೈಮ್ ಸರಿಯಿಲ್ಲ, ಹನ್ನೆರಡಾದ ಮೇಲೆ ಸಾಹೇಬರ ಸಹಿಗೆ ಕಳಿಸ್ತೀನಿ” ಎಂದೆ. ಥ್ಯಾಂಕ್ಸ್ ಹೇಳಿ ಬೆಂಚಿನ ಮೇಲೆ ಕೂತ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಸಾಹೇಬರು ಕ್ಯಾಂಪಿಗೆ ಹೊರಟುಬಿಟ್ಟರು.

ಸೋಮವಾರ ಅರ್ಜಿ ನೋಡಿ, “ಅವಧಿ ಮುಗಿದಿದೆಯಲ್ಲ” ಎಂದರು. ತಪ್ಪು ನನ್ನದೆಂದು ಎಲ್ಲ ಹೇಳಿದೆ.

“ರಾಹುಕಾಲ ಅಂತ ಫೈಲಿನಲ್ಲಿ ಬರೆಯೋಕಾಗುತ್ತೇನಯ್ಯಾ?”

ಅವನು ದೇಶ ಬಿಡಬೇಕೆಂಬ ಆಜ್ಞೆಯನ್ನು ನಾನೇ ಟೈಪ್ ಮಾಡಿದೆ. ಸಾಹೇಬರು ಸಹಿ ಹಾಕುವಾಗ ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಹತ್ತು ಗಂಟೆ. ಒಳ್ಳೆಯ ಕಾಲವೇ.