ಭಾವನ ಎತ್ತಿಗೆ ಬಂದ ಬೇನೆ

ನಮ್ಮ ಕಡೆಯ ಗಂಡಸರಿಗೆ ದೇವರು ಕೊಟ್ಟದ್ದು ಒಂದೇ ಅಂಗ, ಹೊಟ್ಟೆ. ದುಃಖವಾದರೆ ಹೊಟ್ಟೆ ಸರಿಯಿಲ್ಲ, ಹೆದರಿಕೆಯಾದರೆ ಹೊಟ್ಟೆಯಲ್ಲಿ ವಾಯು, ಅಪ್ಪ ಸತ್ತರೆ ಅಜೀರ್ಣ. ನಾನೂ ಅದೇ ಪೈಕಿ. ಕಾರವಾರದ ಹಬ್ಬುವಾಡದಲ್ಲಿ ಬಿಡಾರ ಮಾಡಿಕೊಂಡಿರುವ ಶಾಲಾ ಮಾಸ್ತರ. ಈ ಮನೆಯಲ್ಲಿ ನಾನು ಕುಡಿದ ಓಮದ ಕಷಾಯದಲ್ಲಿ ಅರ್ಧದಷ್ಟಕ್ಕಾದರೂ ಹೊಟ್ಟೆಯ ಸಂಬಂಧವೇ ಇರಲಿಲ್ಲವೆಂದು ಈಗ ಅನ್ನಿಸುತ್ತದೆ.

ಹೊಟ್ಟೆಯ ನೆಪವೂ ಸಾಲದಾದಾಗ ಗಂಡಸು ಏನು ಮಾಡುತ್ತಾನೆ ಎಂಬುದನ್ನು ನನಗೆ ತೋರಿಸಿದವರು ಅಕ್ಕನ ಗಂಡ ಬೀರಣ್ಣ ಭಾವ. ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿರುವವರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ ಬಂದರು. ಬಂದ ದಿನ ಊರಿನವರು ಹಾಕಿದ ಅಬ್ಬಲಿಗೆ ಮಾಲೆಗಳಲ್ಲಿ ಅವರ ಮುಖವೇ ಮುಚ್ಚಿಹೋಗಿತ್ತು. ಕಂಡಿದ್ದರೆ ಯಾರಾದರೂ ಏನಾಯಿತೆಂದು ಕೇಳುತ್ತಿದ್ದರೋ ಏನೋ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಭಾವ ಮೋಟಾರು ಹತ್ತಿ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಬಡಿಸಿದ ದೋಸೆಯನ್ನು ಮುಟ್ಟಲಿಲ್ಲ.

"ಮಾಸ್ತರ, ಇಲ್ಲಿ ದನದ ಡಾಕ್ಟರು ಸಿಕ್ತರೋ?"

"ಯಾಕೆ ಭಾವ, ಯಾರಿಗೆ ಏನಾಯ್ತು?"

"ನಮ್ಮ ಕೆಂದೆತ್ತಿಗೆ. ಮೇವು ಮುಟ್ಟೂದಿಲ್ಲ. ಕಣ್ಣು ಮುಚ್ಚೂದಿಲ್ಲ. ಯಾರಾದ್ರೂ ಬಾಗಿಲ ಅಗಳಿ ಹಾಕಿದ್ರೆ ಸಾಕು, ಮೈಯೆಲ್ಲ ನಡುಗ್ತದೆ. ಗದ್ದೆಗೆ ಇಳಿಯೂಕೆ ಅದಕ್ಕೆ ಮನಸೇ ಇಲ್ಲ."

ಕೊಟ್ಟಿಗೆಗೆ ಅಗಳಿ ಎಲ್ಲಿಂದ ಬಂತೆಂದು ಕೇಳಲು ಈ ಮಾಸ್ತರನ ತಲೆಗೆ ಹೊಳೆಯಲಿಲ್ಲ. ದನದ ಡಾಕ್ಟರು ಶಿರವಾಡಕ್ಕೆ ಯಾರದೋ ಎಮ್ಮೆ ನೋಡಲು ಹೋಗಿದ್ದರು. ನಾನೇ ಒಮ್ಮೆ ನೋಡಿ ಬಂದು ಅವರಿಗೆ ತಿಳಿಸಿದರಾಯಿತೆಂದು ಭಾವನ ಜೊತೆ ಹೊರಟೆ.

ಕೆಂದೆತ್ತು ಕೊಟ್ಟಿಗೆಯಲ್ಲಿ ನಿಂತು ಹುಲ್ಲಿನ ಕಟ್ಟನ್ನು ಮುಗಿಸುತ್ತಿತ್ತು. ನಾಲಗೆ ಪರೀಕ್ಷಿಸಲು ಹತ್ತಿರ ಹೋದರೆ ನನ್ನ ಛತ್ರಿಗೂ ಬಾಯಿ ಹಾಕಿತು. ಹಿಂದಿನಿಂದ ಅಕ್ಕ ಬಂದಳು.

"ತಮಾ, ಅದಕ್ಕೆಂಥ ಧಾಡಿ? ಉಣ್ಣದೆ ಇದ್ದದ್ದು ಇವರು. ಮೊನ್ನೆ ಬಾವಿಕಟ್ಟೆ ಮೇಲೆ ಕೂತು ನೀರೇ ನೋಡ್ತಿದ್ರು. ನಂಗೆ ಹೆದರಿಕೆ ಆಗ್ತದೆ."

ನನಗೂ ಹೆದರಿಕೆಯಾಯಿತು. ಈ ಸಲ ಅದು ಹೊಟ್ಟೆಯಲ್ಲಿ ಅಲ್ಲವೆಂದು ಖಚಿತವಾಗಿ ಗೊತ್ತಿತ್ತು.

ಹಳೆಯ ಸಂಸ್ಕೃತ ನಾಟಕಗಳನ್ನು ಕಟ್ಟಿದವರು ಜಾಣರು. ರಾಜನ ಮನಸ್ಸು ಕೆಟ್ಟರೆ ಹೇಳಿಕೊಳ್ಳಲೆಂದೇ ಒಬ್ಬ ವಿದೂಷಕನನ್ನು ಪಕ್ಕದಲ್ಲಿ ಇಟ್ಟಿರುತ್ತಾರೆ. ಅವನಿಗೆ ಲಡ್ಡು ತಿನ್ನುವುದು, ಕೇಳುವುದು, ಇಷ್ಟೇ ಕೆಲಸ. ರಾಜ್ಯ ಆಳುವವನಿಗೇ ಒಬ್ಬ ಬೇಕೆಂದ ಮೇಲೆ ಗದ್ದೆ ಆಳುವವನಿಗೆ ಬೇಡವೇ? ನಮ್ಮಲ್ಲಿ ಎತ್ತಿಗೆ ಮೈ ಸರಿಯಿಲ್ಲವೆಂದರೆ ಇಡೀ ಕೇರಿ ಬರುತ್ತದೆ. ಒಬ್ಬ ಸೊಪ್ಪು ಅರೆದು ತರುತ್ತಾನೆ, ಇನ್ನೊಬ್ಬ ದೇವರಿಗೆ ಹರಕೆ ಹೇಳುತ್ತಾನೆ. ಗಂಡಸಿಗೆ ಮೈಮನ ಸೋತರೆ ಮಾತ್ರ "ಗಂಡಸಲ್ಲವೇನಾ ನೀನು?" ಎಂಬುದೊಂದೇ ಮದ್ದು. ಭಾವ ಎತ್ತನ್ನು ಮುಂದೆ ಬಿಟ್ಟದ್ದರಲ್ಲಿ ಆಶ್ಚರ್ಯವೇನಿದೆ?

ಗೇಲಿ ಮಾಡುವ ಹಕ್ಕು ಭಾವಮೈದುನನಿಗೆ ಹುಟ್ಟಿನಿಂದಲೇ ಬಂದದ್ದು, ಹಾಗಾಗಿ ವಿದೂಷಕನ ಕೆಲಸಕ್ಕೆ ನಾನು ತಕ್ಕವನೇ. ಜಗಲಿಯಲ್ಲಿ ಅವರ ಪಕ್ಕ ಕೂತು ಕೇಳಿದೆ.

"ಭಾವ, ಈ ಎತ್ತು ಜೈಲಿಗೆ ಹೋಗಿತ್ತೋ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಬೈಯುತ್ತಾರೆಂದುಕೊಂಡೆ.

"ಹೋಗಿತ್ತು," ಎಂದರು. "ಅದು ಒಳಗಿದ್ದಾಗ ಅದರ ಅವ್ವಿ ಸತ್ತಳು ಮಾರಾಯ. ಬಾಯಿಗೆ ನೀರು ಬಿಡೂಕೂ ಆಗ್ಲಿಲ್ಲ."

ಆಮೇಲೆ ಅತ್ತರು. ದನಿ ತೆಗೆದೇ ಅತ್ತರು. ನನಗೆ ಬರುವ ಬುದ್ಧಿಮಾತುಗಳೆಲ್ಲ ಆ ಹೊತ್ತಿಗೆ ನೆನಪಾಗದೆ ಹೋದದ್ದು ನನ್ನ ಪುಣ್ಯ. ಸುಮ್ಮನೆ ಅವರ ಕೈ ಹಿಡಿದುಕೊಂಡೆ.

ಮರುದಿನ ಅವರನ್ನು ಕಾರವಾರಕ್ಕೆ ಕರೆತಂದು ಮನುಷ್ಯರ ಡಾಕ್ಟರಿಗೇ ತೋರಿಸಿದೆ. ಡಾಕ್ಟರು ನಗಲಿಲ್ಲ. ಕಾಲು ಉಳುಕಿದ ಹಾಗೆ ಇದೂ ಒಂದು ಬೇನೆ, ನಾಚಿಕೆಪಡುವಂಥದ್ದೇನಿಲ್ಲ ಎಂದರು. ನಿದ್ದೆಗೆ ಔಷಧ ಕೊಟ್ಟು, ಒಬ್ಬರೇ ಕೂರಬೇಡಿ, ಜೊತೆಗೆ ಜೈಲಿನಲ್ಲಿದ್ದವರ ಹತ್ತಿರ ಮಾತಾಡಿ ಎಂದು ಹೇಳಿ ಕಳಿಸಿದರು. ಮಾತು ಶುರು ಮಾಡುವುದು ಹೇಗೆಂಬುದನ್ನು ಮಾತ್ರ ಭಾವನೇ ಕಂಡುಕೊಂಡರು. ಅಂಕೋಲೆಯ ಪೇಟೆಯಲ್ಲಿ ಜೈಲಿನ ಸಂಗಾತಿಯೊಬ್ಬ ಸಿಕ್ಕಾಗ, "ನಿನ್ನ ಎತ್ತು ಹೆಂಗದೆ?" ಎಂದು ಕೇಳಿ ತಮ್ಮ ಎತ್ತಿನ ಕಥೆ ಹೇಳಿದರಂತೆ. ಆತ ಹೊತ್ತ ಮಾವಿನ ಬುಟ್ಟಿಯನ್ನು ಕೆಳಗಿಟ್ಟು ಅಲ್ಲೇ ಕೂತನಂತೆ. ಆಮೇಲೆ ನೋಡಿದರೆ ಮಾಲೆ ಹಾಕಿಸಿಕೊಂಡ ಶೂರರಲ್ಲಿ ಹಲವರ ಎತ್ತುಗಳು ಮೇವು ಬಿಟ್ಟಿದ್ದವು.

ಭಾವ ಒಮ್ಮೆಲೇ ನೆಟ್ಟಗಾದರೆಂದಲ್ಲ. ಆದರೆ ಆ ಮಳೆಗಾಲಕ್ಕೆ ಗದ್ದೆಗಿಳಿದರು, ಗಂಜಿ ಉಂಡರು. ಗಳಿಗೆಗೊಮ್ಮೆ ಬಾವಿಕಟ್ಟೆಯ ಕಡೆ ನೋಡುವುದನ್ನು ಅಕ್ಕ ಬಿಟ್ಟಳು.

ಈ ವರ್ಷ ನಮ್ಮ ಅಪ್ಪ ತೀರಿಕೊಂಡರು. ಕರ್ಮಗಳನ್ನು ಮುಗಿಸಿ ಶಾಲೆಗೆ ಹೋದೆ, ಮಕ್ಕಳಿಗೆ ಮಗ್ಗಿ ಹೇಳಿಸಿದೆ, ಮನೆಗೆ ಬಂದು ಓಮದ ಕಷಾಯ ಕುಡಿದೆ. ದಿನವೂ ಇದೇ ನಡೆಯಿತು. ಕಳೆದ ರವಿವಾರ ಭಾವ ಬಂದರು. ದೋಸೆಯನ್ನು ಕೇಳಿ ಹಾಕಿಸಿಕೊಂಡು ತಿಂದವರು ನಾನು ಮುಟ್ಟದೆ ಬಿಟ್ಟ ನನ್ನ ತಟ್ಟೆಯ ಕಡೆ ನೋಡಿದರು.

"ಮಾಸ್ತರ, ಎತ್ತು ಹೆಂಗದೆ?"

ಹಬ್ಬುವಾಡದ ಬಾಡಿಗೆ ಮನೆಯಲ್ಲಿ ನಾನು ಒಂದು ಕೋಳಿಯನ್ನೂ ಸಾಕಿದವನಲ್ಲ. ಹೊಟ್ಟೆ ಸರಿಯಿಲ್ಲ ಎನ್ನಲು ಬಾಯಿ ತೆರೆದೆ.

"ಮೇವು ಬಿಟ್ಟದೆ ಭಾವ," ಎಂದೆ.

ಅವರು ಕೈ ತೊಳೆದು ಬಂದು ನನ್ನ ಪಕ್ಕದಲ್ಲಿ ಕೂತರು.