ಒಂದು ಚೀಲ ಹಿಕ್ಕೆ

ಜಗಳೂರು ಕಡೆಯ ಕುರುಚಲು ಕಾಡಿನಲ್ಲಿ ನಾನು ಅರಣ್ಯ ವಾಚರ್. ದಾವಣಗೆರೆಯಿಂದ ಬರುವ ಕಾಲೇಜು ಹುಡುಗರನ್ನೂ ಬಡಾವಣೆಯ ಹಿರಿಯರನ್ನೂ ತಿಂಗಳಿಗೊಮ್ಮೆ ಕಾಡು ಸುತ್ತಿಸುವ ಕೆಲಸ ನನಗೆ ಬಿದ್ದಾಗ ಹೆಂಡತಿ ನಕ್ಕಳು. ಮನೆಯಲ್ಲಿ ಬಾಯಿ ಬಿಡದವನು ಅಲ್ಲಿ ಭಾಷಣ ಮಾಡುವುದೇ? ಆದರೆ ನನಗೆ ಅದರ ಹುಚ್ಚು ಹಿಡಿದುಬಿಟ್ಟಿತು. ಎಷ್ಟೋ ವರ್ಷ ಒಬ್ಬನೇ ತಿರುಗಿದ ಕಾಡನ್ನು ಇನ್ನೊಬ್ಬರಿಗೆ ತೋರಿಸುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಷ್ಟವೆಂದರೆ, ನಮ್ಮ ಕಾಡಿನ ಹೆಮ್ಮೆ ಕೊಂಡುಕುರಿ. ನಾಲ್ಕು ಕೊಂಬಿನ, ಮಹಾ ನಾಚಿಕೆಯ ಪ್ರಾಣಿ. ಮಾತು ಕೇಳಿಸಿತೋ, ಮಾಯ. ಬಂದವರೋ ಬಸ್ಸಿಳಿದಾಗಿನಿಂದ ಮಾತೇ ಮಾತು. ಮೊದಲ ಮೂರು ಸಲವೂ ಏನೂ ಕಾಣದೆ, ಅಭಿಪ್ರಾಯದ ಪುಸ್ತಕದಲ್ಲಿ "ಬರೀ ಮುಳ್ಳು" ಎಂದು ಬರೆದು ಹೋದರು. ನಮ್ಮ ರೇಂಜ್ ಆಫೀಸಿನ ಸಾಹೇಬರು ನನ್ನನ್ನು ಕರೆದು, "ಈ ಸಲಾನೂ ಹಿಂಗೇ ಬರೆದ್ರೆ ಇದನ್ನ ನಿಲ್ಲಿಸಿಬಿಡಾನ ಕಣಯ್ಯಾ" ಎಂದರು.

ನನಗೆ ಊಟ ಸೇರಲಿಲ್ಲ. ಪ್ರಾಣಿ ಕಾಣದಿದ್ದರೆ ಹೋಗಲಿ, ಅದರ ಗುರುತಾದರೂ ಕಾಣಬೇಕಲ್ಲ. ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಆ ರಾಶಿ ತೋರಿಸಿದರೂ ಸಾಕು. ಹೋಗಿ ನೋಡಿದರೆ ಮಳೆಗೆ ಎಲ್ಲ ಕೊಚ್ಚಿಹೋಗಿ ಜಾಗ ಬೋಳಾಗಿತ್ತು. ಮನೆಗೆ ಬಂದೆ. ಹಿತ್ತಲಲ್ಲಿ ನಮ್ಮ ಎರಡು ಆಡುಗಳು ನಿಂತಿದ್ದವು. ಮುಂದೆ ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆ. ಒಂದು ಚೀಲ ಹಿಕ್ಕೆ ತುಂಬಿಕೊಂಡು ಹೋಗಿ ಆ ಜಾಗದಲ್ಲಿ ಸುರಿದು ಬಂದೆ.

ಮರುದಿನ ಗೇಟಿನಲ್ಲೇ ಬಂದವರಿಗೆಲ್ಲ ಎರಡು ನಿಯಮ ಹೇಳಿದೆ. ಊರಿನ ಆಡು ಕುರಿ ಕಾಡಿನೊಳಗೆ ಬರುವಂತಿಲ್ಲ. ನಾನು ವಾಚರ್ ಆದ ಮೇಲೆ ಒಂದೂ ಬಂದಿಲ್ಲ. ಹೊರಗಿನಿಂದ ಏನು ತಂದರೂ ತಂದವರೇ ವಾಪಸ್ ಒಯ್ಯಬೇಕು.

ರಾಶಿಯ ಹತ್ತಿರ ನಿಂತು, "ನೋಡ್ರಿ, ಕೊಂಡುಕುರಿ ಹಿಕ್ಕೆ!" ಎಂದೆ. ಹುಡುಗರು ಮುಗಿಬಿದ್ದು ಫೋಟೋ ತೆಗೆದರು. ಗುಂಪಿನಲ್ಲಿದ್ದ ಅಜ್ಜಿಯೊಬ್ಬರು, ಸಂತೇಬೆನ್ನೂರಿನಲ್ಲಿ ಆಡು ಮೇಯಿಸಿ ಬೆಳೆದವರಂತೆ, ಮೆಲ್ಲಗೆ ಕೂತು ಒಂದು ಹಿಕ್ಕೆ ಎತ್ತಿ ಒಡೆದರು.

"ಯಪ್ಪಾ, ಇದು ಮನೆ ಆಡಿಂದು. ಮೆಕ್ಕೆಜೋಳ ತಿಂದೈತೆ ನೋಡು."

"ಅಂಕಲ್, ಆಡು ಒಳಗೆ ಬರಂಗಿಲ್ಲ ಅಂದ್ರಲ್ಲ?" ಎಂದಳು ಒಬ್ಬ ಹುಡುಗಿ.

ಆಡು ಬಂದಿದೆ ಎಂದರೆ ನಾನು ಕೆಲಸಗಳ್ಳ, ಬಂದಿಲ್ಲ ಎಂದರೆ ಸುಳ್ಳುಗಾರ. ಕೆಲಸಗಳ್ಳನೆನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಆಡು ಬಂದಿಲ್ಲ. ಹಿಕ್ಕೆ ನಾನೇ ತಂದೀನಿ. ನೀವೂ ಬರೀ ಮುಳ್ಳು ಅಂತ ಬರೆದ್ರೆ ನಿಮ್ಮನ್ನೆಲ್ಲ ಕರ್ಕೊಂಡು ಬರಾದೇ ನಿಂತೋಗ್ತೈತೆ."

ಅಜ್ಜಿ ಕೈಯಲ್ಲಿದ್ದ ಹಿಕ್ಕೆ ಕೆಳಗೆ ಹಾಕಿ, "ತಂದೋರೇ ವಾಪಸ್ ಒಯ್ಯಬೇಕು ಅಂದಿದ್ಯಲ್ಲಪ್ಪಾ. ಆರಿಸು ಮತ್ತೆ" ಎಂದರು.

ಮಂಡಿಯೂರಿ ಒಂದೊಂದೇ ಆರಿಸತೊಡಗಿದೆ. ಇಪ್ಪತ್ತು ಜನ ಬಾಯಿಗೆ ಕೈ ಅಡ್ಡ ಹಿಡಿದು, ನಗು ತಡೆದುಕೊಂಡು, ಸುತ್ತ ಕೂತರು. ಆ ದಿನ ಅವರು ಸುಮ್ಮನಿದ್ದದ್ದು ಅದೇ ಮೊದಲು. ಚೀಲ ಅರ್ಧ ತುಂಬಿರಬೇಕು, ಅಜ್ಜಿ ನನ್ನ ಭುಜ ಅದುಮಿದರು. ಬೇಗ ಬೇಗ ಆರಿಸು ಎನ್ನುತ್ತಿದ್ದಾರೆ ಎಂದುಕೊಂಡು ತಲೆ ಇನ್ನೂ ತಗ್ಗಿಸಿದೆ. ಮತ್ತೆ ಅದುಮಿದರು. ತಲೆ ಎತ್ತಿದಾಗ ಎದುರಿನ ಪೊದೆಯಷ್ಟೇ ಅಲುಗುತ್ತಿತ್ತು. ಎಲ್ಲರ ಮುಖವೂ ಅರಳಿತ್ತು. ಆ ಹುಡುಗಿ ಉಸಿರು ಬಿಗಿಹಿಡಿದು ಹಣೆಯ ಮೇಲೆ ಕೊಂಬಿನಂತೆ ನಾಲ್ಕು ಬೆರಳು ನಿಲ್ಲಿಸಿ ನನಗೆ ತೋರಿಸಿದಳು.

ಪುಸ್ತಕದಲ್ಲಿ ಎಲ್ಲರೂ ಕೊಂಡುಕುರಿ ತೀರಾ ಹತ್ತಿರದಲ್ಲೇ ಕಂಡಿತೆಂದು ಬರೆದರು. ಹಿಕ್ಕೆಯ ವಿಷಯ ಒಬ್ಬರೂ ಎತ್ತಲಿಲ್ಲ. ಸಾಹೇಬರು ಅದನ್ನು ಎರಡೆರಡು ಸಲ ಓದಿ, ಮುಂದಿನ ತಿಂಗಳದ್ದಕ್ಕೂ ಸಹಿ ಹಾಕಿದರು.

"ನಾನೇ ಇಷ್ಟು ಹತ್ರದಿಂದ ನೋಡಿಲ್ಲ ಕಣಯ್ಯಾ. ಹೆಂಗಿತ್ತು?"

"ಗೊತ್ತಿಲ್ಲ ಸಾರ್," ಎಂದೆ. "ನಾನು ಹಿಕ್ಕೆ ಆರಿಸ್ತಿದ್ದೆ."